ಬುಡಾಪೆಸ್ಟಿನಲ್ಲಿ ಊಟಕ್ಕೆ ಎಲ್ಲಿ?

ಗಾಂಧಿಬಜಾರಿನ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಚಿಕ್ಕದೊಂದು ಟ್ರಾವೆಲ್ಸ್ ಆಫೀಸಿದೆ. ವರ್ಷಕ್ಕೆ ಒಂದೆರಡು ಸಲ ಯುರೋಪಿಗೆ ತಂಡ ಕರೆದುಕೊಂಡು ಹೋಗುವುದು ಅದರ ಮುಖ್ಯ ವ್ಯವಹಾರ. ಹೋಗುವವರಲ್ಲಿ ಹೆಚ್ಚಿನವರು ಬಸವನಗುಡಿ, ಮಲ್ಲೇಶ್ವರಂ ಕಡೆಯ ನಿವೃತ್ತ ಮೇಷ್ಟರುಗಳು, ಬ್ಯಾಂಕಿನವರು, ಅವರ ಅಕ್ಕತಂಗಿಯರು. ಊರು ಯಾವುದೇ ಇರಲಿ, ಅವರು ಫೋನ್ ಮಾಡಿ ಮೊದಲು ಕೇಳುವುದು ಊಟದ ವಿಷಯ. ಆ ಫೋನುಗಳಿಗೆಲ್ಲ ಹನ್ನೊಂದು ವರ್ಷದಿಂದ ಉತ್ತರ ಕೊಡುತ್ತಿದ್ದವರು ಗಿರಿಜಾಂಬಾ.

ಗಿರಿಜಾಂಬಾ ಅವರಿಗೆ ಐವತ್ತಾರು ವರ್ಷ. ಚಾಮರಾಜಪೇಟೆಯ ಮೂರನೇ ಮೇನ್‌ನಲ್ಲಿ ತಂಗಿಯ ಸಂಸಾರದ ಜೊತೆ ವಾಸ. ಬೆಳಗ್ಗೆ ನಡೆದೇ ಆಫೀಸಿಗೆ ಬರುತ್ತಿದ್ದರು. ಯಾವ ಊರಿನ ಯಾವ ರಸ್ತೆಯಲ್ಲಿ ಇಂಡಿಯನ್ ರೆಸ್ಟೋರೆಂಟಿದೆ, ಯಾವ ಹೋಟೆಲಿನಲ್ಲಿ ಮೊಸರು ಸಿಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತಾವು ಮಾತ್ರ ವಿಮಾನ ಹತ್ತಿದವರಲ್ಲ.

"ಬುಡಾಪೆಸ್ಟಲ್ಲಿ ಊಟಕ್ಕೆ ಏನ್ಮಾಡೋದು ಮೇಡಂ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. "ಮಧ್ಯಾಹ್ನ ಇಂಡಿಯನ್ ರೆಸ್ಟೋರೆಂಟಿದೆ. ಸಂಜೆ ಹೋಟೆಲಲ್ಲೇ ವೆಜಿಟಬಲ್ ಸೂಪು, ಅನ್ನ, ಸಲಾಡು. ಎಲ್ಲಾ ಶುದ್ಧ ಸಸ್ಯಾಹಾರ. ನಾನೇ ವಿಚಾರಿಸಿದೀನಿ, ಧೈರ್ಯವಾಗಿ ಹೋಗ್ಬನ್ನಿ."

ವಿಚಾರಿಸಿದ್ದು ನಿಜವೇ. ಸಸ್ಯಾಹಾರಿ ಸೂಪ್ ಇದೆಯೇ ಎಂದು ಅವರು ಈಮೇಲ್ ಬರೆದಿದ್ದರು, ತರಕಾರಿ ಸೂಪ್ ಇದೆ ಎಂದು ಹೋಟೆಲಿನಿಂದ ಉತ್ತರ ಬಂದಿತ್ತು. ಆ ತರಕಾರಿ ಯಾವ ನೀರಿನಲ್ಲಿ ಬೇಯುತ್ತದೆಂದು ಕೇಳಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ತಂಡದ ಜೊತೆ ಬುಡಾಪೆಸ್ಟಿಗೆ ಹೋಗಬೇಕಿದ್ದ, ಆಫೀಸಿನ ಸ್ವರೂಪ್‌ನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ ಬಂತು. ಮಾಲೀಕರಾದ ವಿಶ್ವಾರಾಧ್ಯರು ಗಿರಿಜಾಂಬಾ ಅವರ ಮೇಜಿನ ಹತ್ತಿರ ಬಂದು, "ಗಿರಿಜಮ್ಮ, ಈ ಸಲ ನೀವೇ ಹೋಗ್ಬನ್ನಿ. ನಿಮಗೆ ಗೊತ್ತಿಲ್ಲದ ರಸ್ತೆ ಯಾವ್ದಿದೆ ಅಲ್ಲಿ?" ಎಂದರು. ಗಿರಿಜಾಂಬಾ ಎರಡು ದಿನ ಯೋಚಿಸಿ ಒಪ್ಪಿದರು.

ತಂಡದಲ್ಲಿ ಹದಿನಾರು ಜನ. ಅವರಲ್ಲಿ ಮಲ್ಲೇಶ್ವರಂ ಹನ್ನೊಂದನೇ ಕ್ರಾಸಿನ ಗಂಗರತ್ನಮ್ಮನವರು ಇದೇ ಪ್ರವಾಸಕ್ಕೆ ಎರಡನೇ ಸಲ ಹೊರಟವರು. ಎಪ್ಪತ್ತೆರಡರ ವಯಸ್ಸು, ಮಡಿ ಸ್ವಲ್ಪ ಜಾಸ್ತಿ, ನಗುವೂ ಜಾಸ್ತಿ. ವಿಮಾನದಲ್ಲಿ ಗಿರಿಜಾಂಬಾ ಅವರಿಗೆ ಬೆಲ್ಟ್ ಹಾಕಿಕೊಳ್ಳುವುದನ್ನು ಹೇಳಿಕೊಟ್ಟವರೂ ಅವರೇ.

ಬುಡಾಪೆಸ್ಟ್ ತಲುಪಿದ್ದು ತಡರಾತ್ರಿ. ಮರುದಿನ ಮಧ್ಯಾಹ್ನ ಹದಿನಾರು ಜನರೂ ಇಂಡಿಯನ್ ರೆಸ್ಟೋರೆಂಟಿನ ಮುಂದೆ ಇಳಿದರು. ಬಾಗಿಲು ಹಾಕಿತ್ತು. ಫೋನ್ ಮಾಡಿದರೆ, ಅಡುಗೆಮನೆಯ ಪೈಪ್ ಒಡೆದು ನೀರು ತುಂಬಿದೆ, ಎರಡು ದಿನ ತೆರೆಯುವುದಿಲ್ಲ ಎಂದರು. ಬಸ್ಸು ಆಗಲೇ ಹೋಗಿಬಿಟ್ಟಿತ್ತು.

"ನಾನು ಶುಗರ್ ಮಾತ್ರೆ ತಗೊಂಡಾಯ್ತಲ್ಲಮ್ಮ. ಅರ್ಧ ಗಂಟೇಲಿ ಏನಾದ್ರೂ ತಿನ್ಲೇಬೇಕು," ಎಂದರು ತಂಡದ ಹಿರಿಯರಾದ ವೀರಭದ್ರಯ್ಯ.

ಗಿರಿಜಾಂಬಾ ಅವರಿಗೆ ಬಾಯಿಪಾಠವಾಗಿದ್ದ ಉಳಿದ ವಿಳಾಸಗಳೆಲ್ಲ ಡ್ಯಾನ್ಯೂಬ್ ನದಿಯ ಆಚೆ ದಡದಲ್ಲಿದ್ದವು. ಎಲ್ಲರನ್ನೂ ಮರದ ನೆರಳಿನಲ್ಲಿ ನಿಲ್ಲಿಸಿ ಪಕ್ಕದ ಬೀದಿಗೆ ನಡೆದರು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಸಬ್ಬಸಿಗೆ ಸೊಪ್ಪಿನ ಘಮ ಬಂತು. ಇಲ್ಲೆಲ್ಲಿಯ ಸಬ್ಬಸಿಗೆ ಎಂದು ತಿರುಗಿ ನೋಡಿದರೆ ಒಂದು ಪುಟ್ಟ ಊಟದ ಮನೆ. ಚೌಕುಳಿ ಬಟ್ಟೆ ಹಾಸಿದ ಏಳೆಂಟು ಮೇಜು, ಗುರುತು ಪರಿಚಯವಿಲ್ಲದವರೂ ಒಂದೇ ಮೇಜಿಗೆ ಕೂತು ಬೇಗ ಬೇಗ ಉಣ್ಣುತ್ತಿದ್ದಾರೆ. ತಟ್ಟೆಗಳಲ್ಲಿ ಗಟ್ಟಿ ಕೂಟಿನಂಥದು. ಒಂದರಲ್ಲಿ ಬಟಾಣಿ, ಇನ್ನೊಂದರಲ್ಲಿ ಸೋರೆಕಾಯಿಯಂಥ ಕಾಯಿಯ ತುರಿಗೆ ಸಬ್ಬಸಿಗೆ ಹಾಕಿದ್ದು.

ಒಡತಿಯ ಹೆಸರು ಇಲೋನಾ. ಅರವತ್ತರ ಆಸುಪಾಸಿನ ದಪ್ಪ ಹೆಂಗಸು. ಇಬ್ಬರ ಮಾತೂ ನಡೆದದ್ದು ಫೋನಿನ ಅನುವಾದದಲ್ಲಿ. ಇದರಲ್ಲಿ ಮಾಂಸ ಇದೆಯೇ ಎಂದು ಕೇಳಿದರೆ ಇಲ್ಲ ಎಂದಳು. ಮೊಟ್ಟೆ, ಮೀನು? ಅದೂ ಇಲ್ಲ. ಗಿರಿಜಾಂಬಾ ಸಮಾಧಾನದಿಂದ ಎಲ್ಲರನ್ನೂ ಕರೆತರಲು ಹೊರಟರು. ಆಗ ಇಲೋನಾ ಅವರ ಕೈಹಿಡಿದು ನಿಲ್ಲಿಸಿ ಅಡುಗೆಮನೆಯೊಳಗೆ ಕರೆದುಕೊಂಡು ಹೋದಳು. ಬೆಣ್ಣೆಯಂತೆ ಬೆಳ್ಳಗಿದ್ದುದನ್ನು ತುಂಬಿದ ಒಂದು ಡಬ್ಬಿ ತೋರಿಸಿದಳು. ಹಂದಿಯ ಕೊಬ್ಬು. ಒಗ್ಗರಣೆಗೆ ಅದನ್ನೇ ಹಾಕುವುದಂತೆ. ಮೂಲೆಯಲ್ಲಿ ಕುದಿಯುತ್ತಿದ್ದ ದೊಡ್ಡ ಪಾತ್ರೆಯ ಮುಚ್ಚಳ ಎತ್ತಿದಳು. ಒಳಗೆ ಮೂಳೆಗಳು. ಯಾವ ಸೂಪಿಗೂ ಇದೇ ನೀರು ಎಂದು ಸನ್ನೆ ಮಾಡಿದಳು. ಆಮೇಲೆ ಫೋನಿನಲ್ಲಿ ಬರೆದಳು: ನಮ್ಮಲ್ಲಿ ಇದನ್ನು ಯಾರೂ ಮಾಂಸ ಎನ್ನುವುದಿಲ್ಲ. ಆದರೆ ನೀವು ಕೇಳಿದ ರೀತಿ ನೋಡಿ ಹೇಳಬೇಕೆನಿಸಿತು.

ಗಿರಿಜಾಂಬಾ ಆ ಪಾತ್ರೆಯನ್ನೇ ನೋಡುತ್ತಾ ನಿಂತುಬಿಟ್ಟರು.

ಇಲೋನಾ ಹೊಸ ಬಾಣಲೆ ತೆಗೆದು, ಸೂರ್ಯಕಾಂತಿ ಎಣ್ಣೆಯ ಬಾಟಲಿ ಎತ್ತಿ ತೋರಿಸಿ, ಇಪ್ಪತ್ತು ನಿಮಿಷ ಎಂದು ಬೆರಳಿನಲ್ಲಿ ಎಣಿಸಿದಳು. ವೀರಭದ್ರಯ್ಯನವರಿಗೆ ಮೊದಲು ಬ್ರೆಡ್ಡು, ಮೊಸರು ಹೋಯಿತು. ಆ ಸೋರೆಯಂಥ ಕಾಯಿ ತುರಿಯುವುದರಿಂದ ಹಿಡಿದು ಇಳಿಸುವವರೆಗೆ ಗಿರಿಜಾಂಬಾ ಒಲೆಯ ಪಕ್ಕ ಬಿಟ್ಟು ಕದಲಲಿಲ್ಲ. ಬೇಯಿಸಿದ ಆಲೂಗೆಡ್ಡೆ, ಸಬ್ಬಸಿಗೆಯ ಕೂಟು, ಬ್ಯಾಗುಗಳಿಂದ ಹೊರಬಂದ ಚಟ್ನಿಪುಡಿ. ಎಲ್ಲರೂ ಹೊಟ್ಟೆ ತುಂಬ ಉಂಡರು.

"ಎಷ್ಟ್ ಚೆನ್ನಾಗಿದೆ ಗಿರಿಜಾ!" ಎಂದರು ಗಂಗರತ್ನಮ್ಮ. "ಸಂಜೆ ಹೋಟೆಲಿನ ಸೂಪೂ ಹೀಗೇ ಇರುತ್ತೆ ನೋಡು. ಹೋದ ಸಲ ಬಂದಾಗ ಎರಡೆರಡು ಬಟ್ಟಲು ಕುಡ್ದಿದ್ದೆ."

ಗಿರಿಜಾಂಬಾ ಹೋಟೆಲಿನ ಹಳೆಯ ಈಮೇಲನ್ನು ಫೋನಿನಲ್ಲಿ ತೆರೆದು ಮತ್ತೊಮ್ಮೆ ಓದಿದರು.

ಸಂಜೆ ಊಟಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಅವರು ಹೋಟೆಲಿನ ಅಡುಗೆಮನೆಗೆ ಹೋದರು. ಅಡುಗೆಯವನು ಒಳ್ಳೆಯ ಮನುಷ್ಯ, ಇಂಗ್ಲಿಷ್ ಬರುತ್ತಿತ್ತು. ಸೂಪಿನ ನೀರು ಯಾವುದು ಎಂದರೆ, ಕೋಳಿ ಮೂಳೆ ಬೇಯಿಸಿದ್ದು, ಮೊದಲಿನಿಂದಲೂ ಹಾಗೇ ಎಂದ. ಅದರೊಳಗೆ ಇರುವುದು ತರಕಾರಿಯೇ ತಾನೇ ಎಂದು ಅವನೇ ಆಶ್ಚರ್ಯಪಟ್ಟ.

ಹೊರಗೆ ಬಂದು ಗಿರಿಜಾಂಬಾ ಎಲ್ಲರಿಗೂ ಸೂಪ್ ಮುಟ್ಟಬೇಡಿ ಎಂದರು, ಕಾರಣವನ್ನೂ ಹೇಳಿದರು. ಆಮೇಲೆ ಗಂಗರತ್ನಮ್ಮನವರ ಎದುರು ಹೋಗಿ ಕೂತರು.

"ಅಮ್ಮ, ಹೋದ ಸಲ ನೀವು ಕುಡ್ದಿದ್ದೂ ಅದೇ."

"ಫೋನಲ್ಲಿ ನೀನೇ ಅಲ್ವಾ ಹೇಳಿದ್ದು," ಎಂದರು ಗಂಗರತ್ನಮ್ಮ.

"ಹೌದಮ್ಮ. ನಾನೇ. ಸರಿಯಾಗಿ ಕೇಳ್ದೆ ಹೇಳ್ಬಿಟ್ಟೆ."

ಗಂಗರತ್ನಮ್ಮ ಎದ್ದು ಕೋಣೆಗೆ ಹೋದರು. ಆ ರಾತ್ರಿ ಏನೂ ತಿನ್ನಲಿಲ್ಲ. ಮರುದಿನ ಡ್ಯಾನ್ಯೂಬ್ ನದಿಯ ದೋಣಿಯಲ್ಲಿ ಬೇರೆ ಸಾಲಿನಲ್ಲಿ ಕೂತರು. ಅದರ ಮಾರನೆಯ ದಿನ, ಹೊರಡುವ ಬೆಳಗ್ಗೆ, ವಿಮಾನ ನಿಲ್ದಾಣದ ಸಾಲಿನಲ್ಲಿ ತಾವಾಗಿಯೇ ಪಕ್ಕಕ್ಕೆ ಬಂದು ನಿಂತರು.

"ನನ್ ಥರ ಇನ್ನೆಷ್ಟು ಜನ ಕುಡ್ದಿದಾರೆ?"

"ಇದುವರೆಗೆ ನಾಲ್ಕು ತಂಡ ಉಳ್ಕೊಂಡಿದೆ ಆ ಹೋಟೆಲಲ್ಲಿ. ಎಪ್ಪತ್ತು ಜನ ಆಗ್ಬಹುದು."

"ಅವ್ರಿಗೂ ಹೇಳ್ತೀಯಾ?"

"ಹೇಳ್ತೀನಿ."

"ಹೇಳು. ಮನಸ್ಸಿಗೆ ಕಷ್ಟ ಆಗುತ್ತೆ. ಆದ್ರೂ ಹೇಳು," ಎಂದರು ಗಂಗರತ್ನಮ್ಮ.

ಬೆಂಗಳೂರಿಗೆ ಬಂದು ವಿಷಯ ತಿಳಿಸಿದಾಗ ವಿಶ್ವಾರಾಧ್ಯರು ತಲೆ ಮೇಲೆ ಕೈಯಿಟ್ಟುಕೊಂಡರು. "ಆಗಿದ್ದು ಆಗಿಹೋಯ್ತು ಗಿರಿಜಮ್ಮ. ಗೊತ್ತಿಲ್ದೆ ತಿಂದಿದ್ದಕ್ಕೆ ದೋಷ ಇಲ್ಲ. ಈಗ ಯಾಕೆ ಕೆದಕ್ತೀರಾ? ಆಫೀಸಿನ ಹೆಸರು ಏನಾಗ್ಬೇಕು?"

"ಆಫೀಸಿನ ಹೆಸರು ಎತ್ತಲ್ಲ ಸಾರ್. ತಪ್ಪು ನಂದು ಅಂತಾನೇ ಹೇಳ್ತೀನಿ. ನಾಳೆ ಇನ್ಯಾರಾದ್ರೂ ಕೇಳಿದ್ರೆ ನಾನು ಯಾವ ಬಾಯಲ್ಲಿ ಧೈರ್ಯವಾಗಿ ಹೋಗಿ ಅನ್ಲಿ?"

ವಿಶ್ವಾರಾಧ್ಯರು ಒಪ್ಪಿಗೆ ಕೊಡಲೂ ಇಲ್ಲ, ತಡೆಯಲೂ ಇಲ್ಲ. ಒಂದು ವಾರ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಗಿರಿಜಾಂಬಾ ಮನೆಯಿಂದಲೇ, ತಮ್ಮ ಫೋನಿನಿಂದಲೇ, ದಿನಕ್ಕೆ ನಾಲ್ಕೈದು ಜನರಿಗೆ ಕರೆ ಮಾಡಿದರು. ಒಬ್ಬರು ಬಾಯಿಗೆ ಬಂದಂತೆ ಬೈದು ಫೋನಿಟ್ಟರು. ಇನ್ನೊಬ್ಬರು ಜೋರಾಗಿ ನಕ್ಕು, "ಅದಕ್ಕೇ ಅಷ್ಟು ರುಚಿಯಾಗಿತ್ತು, ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ," ಎಂದರು. ಆದರೆ ಅವರ ಹೆಂಡತಿಯ ಹೆಸರೂ ಪಟ್ಟಿಯಲ್ಲಿತ್ತು. ಗಿರಿಜಾಂಬಾ ಆಕೆಗೂ ಹೇಳಿದರು. ಮೂವರು ತೀರಿಕೊಂಡಿದ್ದರು. ಅವರ ಮನೆಯವರಿಗೆ ಏನೂ ಹೇಳದೆ, ಕ್ಷೇಮ ವಿಚಾರಿಸಿ ಫೋನಿಟ್ಟರು. ಹೆಚ್ಚಿನವರು "ಹೇಳಿದ್ರಲ್ಲ, ಸರಿ ಬಿಡಿ," ಎಂದರು. ಎಲ್ಲ ಮುಗಿಯಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಗಿರಿಜಾಂಬಾ ಅವರಿಗೆ ಸರಿಯಾಗಿ ಹಸಿವಾಗಲಿಲ್ಲ ಎಂದು ಅವರ ತಂಗಿ ಹೇಳುತ್ತಾರೆ.

ಮುಂದಿನ ತಂಡದಿಂದ ಎರಡು ಕುಟುಂಬ ಹಿಂದೆ ಸರಿದವು. ಆಮೇಲೊಂದು ಬೆಳಗ್ಗೆ ವಿಶ್ವಾರಾಧ್ಯರು ಗಿರಿಜಾಂಬಾ ಅವರ ಎದುರು ಕುರ್ಚಿ ಎಳೆದುಕೊಂಡು ಕೂತು, "ಇನ್ಮೇಲೆ ಹೊಸ ಊರಿಗೆ ತಂಡ ಹೋಗೋ ಮುಂಚೆ ನೀವು ಒಂದ್ಸಲ ಹೋಗಿ ತಿಂದು ನೋಡ್ಕೊಂಡ್ ಬನ್ನಿ," ಎಂದರು.

ಈ ಮಾರ್ಚಿನಲ್ಲಿ ಗಿರಿಜಾಂಬಾ ಒಬ್ಬರೇ ಪ್ರಾಗ್ ನಗರಕ್ಕೆ ಹೋದರು. ಐದು ದಿನದಲ್ಲಿ ಹನ್ನೊಂದು ಊಟದ ಮನೆಗಳಿಗೆ ಹೋಗಿ ಎಣ್ಣೆ ಯಾವುದು, ನೀರು ಯಾವುದು ಎಂದು ಕೇಳಿದರು. ಎರಡು ಕಡೆ ಅಡುಗೆಮನೆಯೊಳಗೆ ಬಿಡಲಿಲ್ಲ. ಏಳನ್ನು ಅವರೇ ಬೇಡವೆಂದರು. ಉಳಿದ ಎರಡರಲ್ಲಿ ಒಂದು ರೈಲು ನಿಲ್ದಾಣದ ಹಿಂದಿನದು, ಅಲ್ಲಿ ಬೇಳೆ ಗಟ್ಟಿಯಾಗಿ ಬೇಯಿಸಿ ಕೊಡುತ್ತಾರೆ. ಚಟ್ನಿಪುಡಿ ಮಾತ್ರ ನಾವೇ ಒಯ್ಯಬೇಕು.