ಲಕ್ಷ್ಮೀದೇವಮ್ಮ ನಾಯಿಮರಿಗೆ ಕಲಿಸಿದ್ದು

ನಾಯಿಮರಿಗೆ ಎಲ್ಲಿ ಉಚ್ಚೆ ಹೊಯ್ಯಬೇಕು ಅನ್ನೋದನ್ನು ಕಲಿಸಬೇಕು ಎಂದು ಮಗಳು ಹೇಳಿದಾಗ, ಲಕ್ಷ್ಮೀದೇವಮ್ಮ ತನಗೆ ಸರಿಯಾಗಿ ಕೇಳಿಸಲಿಲ್ಲವೆಂದೇ ತಿಳಿದರು. ನಾಲ್ಕು ಮಗ್ಗಗಳು ಓಡುವ ಮನೆಯಲ್ಲಿ ಅದು ಸಹಜ. ಗಂಡ ಬೈಲಪ್ಪನವರಿಗೆ ಕೈಸನ್ನೆ ಮಾಡಿ ಮಗ್ಗ ನಿಲ್ಲಿಸಲು ಹೇಳಿ, "ಇನ್ನೊಂದ್ಸಲ ಹೇಳು" ಎಂದರು. ಹರ್ಷಿತ ಇನ್ನೊಂದು ಸಲವೂ ಅದನ್ನೇ ಹೇಳಿದಳು.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಕಡಿಮೆ. ಬೈಲಪ್ಪ ಮತ್ತು ಲಕ್ಷ್ಮೀದೇವಮ್ಮ ಹುಟ್ಟಾ ನೇಯ್ಗೆಯವರಲ್ಲ. ಇಬ್ಬರದೂ ಹೊಲ ಉಳುವ ಮನೆತನ. ಮದುವೆಯಾದ ಹೊಸತರಲ್ಲಿ ಬೈಲಪ್ಪ ಪೇಟೆಗೆ ಬಂದು ಇನ್ನೊಬ್ಬರ ಮಗ್ಗದಲ್ಲಿ ಕೆಲಸ ಕಲಿತರು. ಆಮೇಲೆ ತಮ್ಮದೇ ಮನೆಯ ಮುಂದಿನ ಹಜಾರದಲ್ಲಿ ಒಂದೊಂದಾಗಿ ನಾಲ್ಕು ಪವರ್‌ಲೂಮ್ ಹಾಕಿಕೊಂಡರು. ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುತ್ತಾರೆ. ಎಳೆ ತುಂಡಾದರೆ ಗಂಟು ಹಾಕುವುದು, ಲಾಳಿಗೆ ನೂಲು ತುಂಬುವುದು, ನೇಯ್ದ ಸೀರೆ ಮಡಚುವುದು, ಹೀಗೆ ದಿನ ಹೋಗುತ್ತದೆ. ಇಷ್ಟು ವರ್ಷ ಆ ಸದ್ದಿನಲ್ಲಿ ಬಾಳಿ ಇಬ್ಬರಿಗೂ ಜೋರಾಗಿ ಮಾತಾಡುವುದು ರೂಢಿಯಾಗಿತ್ತು. ಮದುವೆ ಮನೆಗಳಲ್ಲಿ ಗುಟ್ಟು ಹೇಳಲು ಹೋಗಿ ಊಟದ ಪಂಕ್ತಿಗೆಲ್ಲ ಕೇಳಿಸಿಬಿಡುತ್ತಿದ್ದರು.

ಒಬ್ಬಳೇ ಮಗಳು ಹರ್ಷಿತ ದೇವನಹಳ್ಳಿಯ ಏರ್‌ಪೋರ್ಟಿನೊಳಗೆ ಒಂದು ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜೊತೆಯ ಕೆಲಸಗಾತಿ ರಮ್ಯಳ ಊರಿನಲ್ಲಿ ಸಾಕಿದ್ದ ಲ್ಯಾಬ್ರಡಾರ್ ಮರಿ ಹಾಕಿತ್ತು. ಅದರಲ್ಲಿ ಒಂದನ್ನು ಹರ್ಷಿತ ಆಸೆಪಟ್ಟು ತಂದುಕೊಂಡಳು. ಅವಳಿದ್ದ ಪಿ.ಜಿ.ಯಲ್ಲಿ ಮಾರನೇ ದಿನವೇ "ನಾಯಿ ಇರಬೇಕು ಇಲ್ಲ ನೀನಿರಬೇಕು" ಎಂದರು. ಹಾಗಾಗಿ ಬೇರೆ ಮನೆ ಹುಡುಕುವ ತನಕ ಮರಿಯನ್ನು ಅಮ್ಮನ ಹತ್ತಿರ ಬಿಡಲು ಬಂದಿದ್ದಳು. ಜೊತೆಗೆ ಮಡಚಿ ಬಿಚ್ಚುವ ಒಂದು ಕಬ್ಬಿಣದ ತಂತಿಯ ಪಂಜರವನ್ನೂ ತಂದಿದ್ದಳು. ಮರಿಯ ಹೆಸರು ಮಿಲೋ. ಬೈಲಪ್ಪನವರ ಬಾಯಲ್ಲಿ ಅದು ಅವತ್ತೇ ಮಲ್ಲ ಆಯಿತು.

"ಇದ್ಯಾಕೆ ಪಂಜರ? ಅದೇನು ಗಿಣಿನಾ?" ಎಂದರು ಬೈಲಪ್ಪ.

"ಪಂಜರ ಅಲ್ಲಪ್ಪ, ಕ್ರೇಟು. ಅವನ ಮನೆ ಅದು. ಮಲಗೋ ಜಾಗದಲ್ಲಿ ನಾಯಿ ಗಲೀಜು ಮಾಡ್ಕೊಳ್ಳಲ್ಲ. ಅದ್ಕೆ ಒಳಗೆ ಬಿಟ್ರೆ ತಡ್ಕೊಳ್ಳೋದು ಕಲಿಯುತ್ತೆ. ಎದ್ದ ತಕ್ಷಣ, ತಿಂದ ತಕ್ಷಣ, ಆಟ ಆಡಿದ ತಕ್ಷಣ ಹಿತ್ಲಿಗೆ ಕರ್ಕೊಂಡೋಗ್ಬೇಕು. ಅಲ್ಲಿ ಮಾಡಿದ್ರೆ ಶಭಾಷ್ ಅಂದು ಬಿಸ್ಕೆಟ್ ಕೊಡ್ಬೇಕು. ಒಳಗೆ ಮಾಡಿದ್ರೆ ಬೈಯಂಗಿಲ್ಲ, ಹೊಡೆಯಂಗಿಲ್ಲ."

"ಒಳಗೆ ಮಾಡಿದ್ರೂ ಬೈಯಂಗಿಲ್ವಾ?"

"ಬೈದ್ರೆ ಬಚ್ಚಿಟ್ಕೊಂಡು ಮಾಡುತ್ತೆ ಅಷ್ಟೆ. ಇನ್ನೊಂದಮ್ಮ, ಕ್ರೇಟಲ್ಲಿ ಅಳ್ತಿರೋವಾಗ ಬಾಗ್ಲು ತೆಗೀಬೇಡ. ಅತ್ತರೆ ಬಾಗ್ಲು ತೆಗೀತಾರೆ ಅಂತ ಕಲಿತ್ಬಿಡ್ತಾನೆ. ಅಳು ನಿಲ್ಲಿಸ್ಲಿ, ಆಮೇಲೆ ತೆಗಿ. ಹಿತ್ಲಲ್ಲಿ ನಿಂತಾಗ ದಿನಾ ಒಂದೇ ಮಾತು ಹೇಳು. ಏನಾದ್ರೂ ಸರಿ, ಒಂದೇ ಮಾತು."

ಲಕ್ಷ್ಮೀದೇವಮ್ಮನ ತವರಿನಲ್ಲೂ ನಾಯಿಗಳಿದ್ದವು. ಹುಲ್ಲಿನ ಮೆದೆಯಲ್ಲಿ ಹುಟ್ಟಿ, ಅಂಗಳದಲ್ಲಿ ಬೆಳೆದು, ಉಳಿದ ಮುದ್ದೆ ತಿಂದು, ಅಪರಿಚಿತರನ್ನು ಕಂಡರೆ ಬೊಗಳಿ ಬಾಳಿದವು. ಹೊಸಿಲು ದಾಟಿ ಒಳಗೆ ಬಂದವಲ್ಲ. ಅವುಗಳಿಗೆ ಯಾರೂ ಏನೂ ಕಲಿಸಿರಲಿಲ್ಲ. ಹೊರಗಿದ್ದ ನಾಯಿಯನ್ನು ಒಳಗೆ ತಂದು, ಒಳಗೆ ಪಂಜರದಲ್ಲಿಟ್ಟು, ಮತ್ತೆ ಹೊರಗೆ ಹೋಗುವುದನ್ನು ಕಲಿಸುವುದು ಯಾಕೆಂದು ಅವರಿಗೆ ತಿಳಿಯಲಿಲ್ಲ. ಆದರೆ ಮರಿ ಅಷ್ಟರಲ್ಲಿ ಅವರ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು. ಮಗಳು ಸಂಜೆ ಬಸ್ಸಿಗೆ ಹೊರಟುಹೋದಳು.

ಮೊದಲ ದಿನಗಳು ಹೇಗೆ ಕಳೆದವೆಂದು ಕೇಳಿದರೆ ಲಕ್ಷ್ಮೀದೇವಮ್ಮ ಈಗಲೂ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಹಿತ್ತಲಿನಲ್ಲಿ ಎಷ್ಟು ಹೊತ್ತು ನಿಂತರೂ ಮರಿ ಸೀಬೆ ಗಿಡದ ಎಲೆ ಕಚ್ಚುತ್ತಿತ್ತು, ಇರುವೆ ಮೂಸುತ್ತಿತ್ತು. ಒಳಗೆ ಬಂದದ್ದೇ ನೂಲಿನ ಬುಟ್ಟಿಯ ಪಕ್ಕ ಕೂತು ಉಚ್ಚೆ ಹೊಯ್ದುಬಿಡುತ್ತಿತ್ತು. ಬೈಯಬಾರದೆಂದು ಮಗಳು ಹೇಳಿದ್ದರಿಂದ ಬಾಯಿ ಕಚ್ಚಿಕೊಂಡು ಒರೆಸುತ್ತಿದ್ದರು. ಒಮ್ಮೆ ಅಂತೂ ಅದು ಹಿತ್ತಲಿನಲ್ಲೇ ಮಾಡಿತು. ಲಕ್ಷ್ಮೀದೇವಮ್ಮ ಸಂತೋಷಕ್ಕೆ "ಶಭಾಷ್, ನನ್ನಪ್ಪಾ!" ಎಂದು ಕೂಗಿದರು. ಪಕ್ಕದ ಮನೆಯ ಅನುಸೂಯಮ್ಮ ಗೋಡೆಯ ಮೇಲಿಂದ ತಲೆ ಹಾಕಿದರು.

"ಏನಾಯ್ತು ಲಕ್ಷ್ಮೀದೇವಕ್ಕ? ಯಾರು ಪಾಸಾದ್ರು?"

"ಯಾರೂ ಇಲ್ಲ ಕಣಮ್ಮ. ಇದು... ಇದು ಉಚ್ಚೆ ಹೊಯ್ತು."

ಅನುಸೂಯಮ್ಮ ಮರಿಯನ್ನು ನೋಡಿದರು, ಲಕ್ಷ್ಮೀದೇವಮ್ಮನನ್ನು ನೋಡಿದರು, ತಲೆ ಒಳಗೆಳೆದುಕೊಂಡರು. ಅಂದಿನಿಂದ ಲಕ್ಷ್ಮೀದೇವಮ್ಮನಿಗೆ ನಾಚಿಕೆ. ಹಿತ್ತಲಿನಲ್ಲಿ ಹೇಳಬೇಕಾದ ಮಾತಿಗೆ "ಆಗ್ಲಿ" ಎಂಬುದನ್ನು ಆರಿಸಿಕೊಂಡಿದ್ದರು. ಅದನ್ನು ಇನ್ನು ಮೇಲೆ ತುಟಿ ಅಲುಗಿಸದೆ, ಬಾಯೊಳಗೇ ಹೇಳತೊಡಗಿದರು.

ಪಂಜರದ ವಿಷಯ ಇನ್ನೂ ಕಷ್ಟ. ಒಳಮನೆಯಲ್ಲಿ ಹಳೆಯ ಸೀರೆ ಹಾಸಿ ಮರಿಯನ್ನು ಬಿಟ್ಟು ಬಾಗಿಲು ಹಾಕಿದರೆ, ಮೊದಮೊದಲು ಅದು ಕರುಳು ಕಿತ್ತುಬರುವ ಹಾಗೆ ಅಳುತ್ತಿತ್ತು. ಅಳು ನಿಲ್ಲಿಸಿದ ಮೇಲೆ ಬಾಗಿಲು ತೆಗೆಯಬೇಕು, ಸರಿ. ಆದರೆ ಮಗ್ಗದ ಸದ್ದಿನಲ್ಲಿ ಅದು ಅಳುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಇಣುಕಿ ನೋಡಿದರೆ ಮುಖ ಕಂಡು ಇನ್ನಷ್ಟು ಅಳುತ್ತದೆ. ಕೊನೆಗೆ ಅವರು ಒಂದು ದಾರಿ ಕಂಡುಕೊಂಡರು. ಆಗಾಗ ನಾಲ್ಕೂ ಮಗ್ಗ ನಿಲ್ಲಿಸಿ ಕಿವಿಗೊಡುವುದು.

"ಲೇ, ಹಿಂಗೆ ನಿಲ್ಲಿಸ್ತಾ ಕೂತ್ರೆ ಸೀರೆ ಯಾವಾಗ ಇಳಿಯೋದು?" ಎಂದು ಬೈಲಪ್ಪ ಗೊಣಗುತ್ತಿದ್ದರು.

"ಒಂದ್ನಿಮಿಷ ಇರ್ರೀ, ಅಳ್ತಾ ಇದೆಯಾ ನೋಡಣ."

ವಿಚಿತ್ರವೆಂದರೆ, ಮಗ್ಗ ನಿಂತಾಗಲೆಲ್ಲ ಮರಿ ಸುಮ್ಮನಿರುತ್ತಿತ್ತು. ಆ ಸದ್ದು ಥಟ್ಟನೆ ನಿಂತದ್ದಕ್ಕೇ ಅದು ಬೆಚ್ಚಿ ಅಳು ನುಂಗುತ್ತಿತ್ತೋ, ಮೊದಲಿಂದಲೂ ಸುಮ್ಮನಿತ್ತೋ, ಲಕ್ಷ್ಮೀದೇವಮ್ಮನಿಗೆ ತಿಳಿಯದು. ಸುಮ್ಮನಿದೆ, ಹಾಗಾದರೆ ತೆಗೆಯಬಹುದು ಎಂದು ಬಾಗಿಲು ತೆಗೆದು, ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಕರೆಂಟು ಹೋಗಿ ಮಗ್ಗ ತಾನಾಗಿ ನಿಂತರೂ ಅಷ್ಟೆ, ಹೇಗೂ ಕೈ ಖಾಲಿ ಇದೆಯೆಂದು ಹಿತ್ತಲಿಗೆ.

ಕೆಲವು ವಾರಗಳಲ್ಲಿ ಮನೆಯೊಳಗೆ ಒಂದು ಹನಿ ಬೀಳುವುದೂ ನಿಂತಿತು. ಬಾಗಿಲು ತೆರೆದಿದ್ದರೂ ಮರಿ ತಾನಾಗಿ ಪಂಜರದೊಳಗೆ ಹೋಗಿ ಅಂಗಾತ ಮಲಗುತ್ತಿತ್ತು. ಬೈಲಪ್ಪ ಟೀ ಅಂಗಡಿಯಲ್ಲಿ "ನಮ್ಮ ಮಲ್ಲ ಮನುಷ್ಯರಿಗಿಂತ ಕ್ಲೀನು ಗುರು" ಎಂದು ಹೇಳಿಕೊಂಡು ಬಂದರು. ಒಂದು ಅಮಾವಾಸ್ಯೆಯ ದಿನ ಮಾತ್ರ ಅದಕ್ಕೆ ಏನೋ ಆಯಿತು. ಅವರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಹಾಕುವುದಿಲ್ಲ. ಅಂದು ಮರಿ ಬೆಳಗಿನಿಂದ ಹಿತ್ತಲ ಬಾಗಿಲಿಗೂ ನಡುಮನೆಗೂ ಓಡಾಡಿ, ಕುಂಯ್ಗುಟ್ಟಿ, ಹನಿ ಹನಿಯಾಗಿ ಅಲ್ಲಲ್ಲಿ ಮಾಡಿತು. ಅನುಸೂಯಮ್ಮ ದೃಷ್ಟಿಯಾಗಿದೆ ಎಂದರು. ಲಕ್ಷ್ಮೀದೇವಮ್ಮ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಮಾರನೇ ದಿನ ಮಗ್ಗ ಓಡಿದ್ದೇ ಮರಿ ಸರಿಹೋಯಿತು. ಉಪ್ಪು ಮೆಣಸಿನಕಾಯಿಯ ಗುಣವೆಂದು ಎಲ್ಲರೂ ಒಪ್ಪಿದರು.

ಅಷ್ಟರಲ್ಲಿ ಹರ್ಷಿತ ಮತ್ತು ರಮ್ಯ ಸೇರಿ ದೇವನಹಳ್ಳಿಯಲ್ಲಿ ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿದರು. ಹರ್ಷಿತ ಬಂದು ಮಿಲೋವನ್ನೂ ಪಂಜರವನ್ನೂ ತೆಗೆದುಕೊಂಡು ಹೋದಳು. ಲಕ್ಷ್ಮೀದೇವಮ್ಮ ಹಳೆಯ ಸೀರೆಯನ್ನೂ ಮಡಚಿ ಕೊಟ್ಟು, "ಏನೂ ತೊಂದ್ರೆ ಕೊಡಲ್ಲ, ಎಲ್ಲಾ ಕಲ್ತವ್ನೆ. ಆಚೆ ನಿಲ್ಸಿ ಆಗ್ಲಿ ಅಂದ್ರೆ ಸಾಕು" ಎಂದು ಕಳಿಸಿದರು.

ಎರಡು ದಿನಕ್ಕೇ ಫೋನು ಬಂತು.

"ಅಮ್ಮ, ನೀನು ಇವನಿಗೆ ಏನು ಕಲಿಸಿದ್ದೆ?"

"ಯಾಕೇ?"

"ಆಚೆ ಕರ್ಕೊಂಡೋದ್ರೆ ನನ್ನ ಮುಖ ನೋಡ್ತಾ ನಿಂತ್ಕೋತಾನೆ. ಒಳಗೆ ಬಂದು ಅಡುಗೆಮನೇಲಿ ಮಾಡ್ತಾನೆ. ಡಾಕ್ಟ್ರಿಗೂ ತೋರಿಸ್ದೆ. ಸೋಂಕು ಏನಿಲ್ಲ, ಮರಿ ಚೆನ್ನಾಗಿದೆ ಅಂದ್ರು."

"ಆಗ್ಲಿ ಅಂತ ಅಂದ್ಯಾ?"

"ನೂರು ಸಲ ಅಂದಿದ್ದೀನಿ. ಅವನಿಗೆ ಆ ಮಾತೇ ಗೊತ್ತಿಲ್ಲ!"

ಲಕ್ಷ್ಮೀದೇವಮ್ಮನಿಗೆ ಅವಮಾನವಾದಂತಾಯಿತು. ಅಷ್ಟು ಚೆನ್ನಾಗಿದ್ದ ಮರಿ ಹೀಗೇಕೆ ಆಯಿತು? ಹೊಸ ಮನೆಯ ಗಾಳಿಯೇ, ಮಗಳು ಏನಾದರೂ ತಪ್ಪು ಮಾಡುತ್ತಿದ್ದಾಳೆಯೇ, ಅಥವಾ ತಾನು ಕಲಿಸಿದ್ದೇ ಇಲ್ಲವೇ? ಗಂಡನಿಗೆ ಮಗ್ಗ ಒಪ್ಪಿಸಿ ಬಸ್ಸು ಹತ್ತಿದರು.

ಬಾಗಿಲಲ್ಲಿ ಮಿಲೋ ಅವರ ಮೈಮೇಲೆ ಹಾರಿ ಸೆರಗು ಕಚ್ಚಿ ಎಳೆಯಿತು. ಮರುದಿನ ಬೆಳಿಗ್ಗೆ ಹುಡುಗಿಯರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಲಕ್ಷ್ಮೀದೇವಮ್ಮ ಅದನ್ನು ಹೊರಗೆ ಕರೆದುಕೊಂಡು ಹೋಗಿ ಮನೆ ಮುಂದಿನ ನುಗ್ಗೆ ಮರದ ಕೆಳಗೆ ನಿಂತರು. ಮರಿ ಅವರ ಮುಖವನ್ನೇ ನೋಡುತ್ತಾ ಕೂತಿತು. ಅವರೂ ಅದರ ಮುಖವನ್ನೇ ನೋಡಿದರು. ಇಬ್ಬರಿಗೂ ಏನು ಮಾಡಬೇಕೆಂದು ತಿಳಿದಂತಿರಲಿಲ್ಲ. ಒಳಗೆ ಬಂದು ಅದನ್ನು ಪಂಜರಕ್ಕೆ ಬಿಟ್ಟು, ಪಂಜರದ ಬಾಗಿಲು ತೆರೆದೇ ಇಟ್ಟು, ಚಟ್ನಿಗೆಂದು ಮಿಕ್ಸಿ ಹಾಕಿದರು. ತಿರುಗಿಸಿ ನಿಲ್ಲಿಸಿದ್ದೇ ತಡ, ಮರಿ ಎದ್ದು ಮುಂಬಾಗಿಲಿಗೆ ಓಡಿತು. ಬಾಗಿಲು ಹಾಕಿತ್ತು. ಅತ್ತಿತ್ತ ತಿರುಗಿ, ಅಡುಗೆಮನೆಗೆ ಬಂದು ಉಚ್ಚೆ ಹೊಯ್ದಿತು.

ಒರೆಸಿದರು. ಮಧ್ಯಾಹ್ನ ಸಾರಿಗೆ ತೆಂಗಿನಕಾಯಿ ರುಬ್ಬಿದರು. ಮಿಕ್ಸಿ ನಿಂತಿತು, ಮರಿ ಎದ್ದಿತು, ಓಡಿತು, ಮತ್ತೆ ಅದೇ ಜಾಗ.

ಲಕ್ಷ್ಮೀದೇವಮ್ಮ ಬಟ್ಟೆ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಮಿಕ್ಸಿಗೂ ಇದಕ್ಕೂ ಏನು ಸಂಬಂಧ? ಸ್ವಲ್ಪ ಹೊತ್ತು ಬಿಟ್ಟು, ಮರಿಗೆ ಬಟ್ಟಲು ತುಂಬಾ ನೀರು ಕುಡಿಸಿ, ಮುಂಬಾಗಿಲು ತೆರೆದಿಟ್ಟು, ಖಾಲಿ ಜಾರನ್ನೇ ಮಿಕ್ಸಿಗೆ ಹಾಕಿ ತಿರುಗಿಸಿ ನಿಲ್ಲಿಸಿದರು. ಮರಿ ಬಾಣದಂತೆ ಹೊರಗೆ ಓಡಿ ನುಗ್ಗೆ ಮರದ ಬುಡದಲ್ಲಿ ಮಾಡಿ, ಬಾಲ ಅಲ್ಲಾಡಿಸುತ್ತಾ ಬಿಸ್ಕೆಟ್ಟಿಗೆ ಬಂದು ನಿಂತಿತು.

ಬಿಸ್ಕೆಟ್ ಕೊಟ್ಟರು. ಸಂತೋಷವಾಗಲಿಲ್ಲ, ಇನ್ನಷ್ಟು ಗಲಿಬಿಲಿಯಾಯಿತು. ಗಂಡನಿಗೆ ಫೋನು ಮಾಡಿದರು. ಆ ಕಡೆ ಮಗ್ಗದ ಸದ್ದು.

"ರೀ, ನಾಲ್ಕೂ ಮಗ್ಗ ನಿಲ್ಸಿದ್ಮೇಲೆ ನಾನು ಏನ್ ಮಾಡ್ತಿದ್ದೆ?"

"ಏನು?"

"ಮಗ್ಗ ನಿಲ್ಸಿದ್ಮೇಲೆ! ನಾನು! ಏನ್ ಮಾಡ್ತಿದ್ದೆ?"

"ಏನ್ ಮಾಡ್ತಿದ್ದೆ, ನಾಯೀನ ಎತ್ಕೊಂಡು ಹಿತ್ಲಿಗೆ ಓಡ್ತಿದ್ದೆ. ಅಲ್ಲೇನಾಯ್ತು ಈಗ?"

ಲಕ್ಷ್ಮೀದೇವಮ್ಮ ಫೋನು ಇಟ್ಟರು. ಮರಿ ಕಲಿತಿದ್ದು ಹಿತ್ತಲನ್ನಲ್ಲ, ಬಾಯೊಳಗಿನ "ಆಗ್ಲಿ"ಯನ್ನಂತೂ ಅಲ್ಲ. ದೊಡ್ಡ ಸದ್ದು ನಿಂತರೆ ಉಚ್ಚೆಗೆ ಹೋಗುವ ಹೊತ್ತು ಎಂದು ಅದು ತಿಳಿದುಕೊಂಡಿತ್ತು. ಅಮಾವಾಸ್ಯೆಯ ದಿನ ಮಗ್ಗ ಓಡದೆ ಇದ್ದುದಕ್ಕೆ ಬೆಳಗಿಂದ ಒದ್ದಾಡಿತ್ತು, ಪಾಪ. ತಾವು ದೃಷ್ಟಿ ತೆಗೆದಿದ್ದರು.

ಸಂಜೆ ಹರ್ಷಿತ ಬಂದಾಗ ಎಲ್ಲ ಹೇಳಿದರು. ಅವಳು ನಂಬಲಿಲ್ಲ. ಮಿಕ್ಸಿ ತಿರುಗಿಸಿ ತೋರಿಸಿದ ಮೇಲೆ ನಗಲು ಶುರುಮಾಡಿದವಳು ಗೋಡೆಗೆ ಒರಗಿಬಿಟ್ಟಳು.

"ನಗ್ಬೇಡ ಕಣೇ. ನನಗೆ ಅಳು ಬರ್ತಿದೆ. ನಾನು ಒಂದು ಕಲಿಸಿದ್ರೆ ಅದು ಇನ್ನೊಂದು ಕಲ್ತಿದೆ."

"ಕಲ್ತಿದೆಯಲ್ಲಮ್ಮ! ಆದ್ರೆ ದಿನಾ ಬೆಳಿಗ್ಗೆ ಐದಕ್ಕೆ ನಾನು ಖಾಲಿ ಮಿಕ್ಸಿ ತಿರುಗಿಸೋಕಾಗಲ್ಲ. ಮೇಲೆ ಓನರ್ ಇದ್ದಾರೆ."

ಕೊನೆಗೆ ಇಬ್ಬರೂ ಹೀಗೆ ಮಾಡಿದರು. ಮಿಕ್ಸಿ ನಿಲ್ಲಿಸಿ, ಹೊರಗೆ ಬಂದು, ನುಗ್ಗೆ ಮರದ ಕೆಳಗೆ ಮರಿ ಕೂರುವಾಗಲೇ "ಆಗ್ಲಿ" ಎಂದು ಸ್ಪಷ್ಟವಾಗಿ ಹೇಳುವುದು. ಹರ್ಷಿತ ಪಕ್ಕದಲ್ಲಿ ನಿಂತು "ಜೋರಾಗಿ ಅಮ್ಮ, ಜೋರಾಗಿ" ಎನ್ನುತ್ತಿದ್ದಳು. ಮದುವೆ ಮನೆಯನ್ನೆಲ್ಲ ತುಂಬುತ್ತಿದ್ದ ಲಕ್ಷ್ಮೀದೇವಮ್ಮನ ಗಂಟಲು ಆ ಒಂದು ಮಾತಿಗೆ ಏಳುತ್ತಿರಲಿಲ್ಲ. ಮೇಲಿನ ಮನೆಯ ಕಿಟಕಿ ಮುಚ್ಚಿದೆಯೇ ಎಂದು ನೋಡಿಕೊಂಡು ಹೇಳುತ್ತಿದ್ದರು. ಆಮೇಲೆ ಮಿಕ್ಸಿಯನ್ನು ಒಂದು ಸಲ ಹಾಕಿ ಒಂದು ಸಲ ಬಿಟ್ಟರು. ಒಂದು ವಾರ ಅಲ್ಲೇ ಉಳಿದರು. ಹೊರಡುವ ಹೊತ್ತಿಗೆ ಮರಿ ಮಾತಿಗೇ ಹೋಗುತ್ತಿತ್ತು. ಆದರೂ ಓನರ್ ಮನೆಯ ನೀರಿನ ಮೋಟಾರು ನಿಂತರೆ ಎದ್ದು ನಿಂತು ಯೋಚಿಸುವಂತೆ ಮಾಡಿ, ಯಾರೂ ಬಾಗಿಲು ತೆಗೆಯದಿದ್ದರೆ ಮತ್ತೆ ಮಲಗುತ್ತಿತ್ತು.

ಮಿಲೋ ಈಗ ದೊಡ್ಡದಾಗಿದೆ. ಹಳೆಯ ಪಂಜರ ಸಾಲದೆ ಹರ್ಷಿತ ದೊಡ್ಡದೊಂದನ್ನು ತರಿಸಿದಳು. ಅದು ಹೊಸದರ ಹತ್ತಿರವೂ ಸುಳಿಯಲಿಲ್ಲ. ಹಳೆಯದರಲ್ಲೇ ತಲೆ, ಎದೆ ತೂರಿಸಿ, ಹಿಂದಿನ ಕಾಲು ಎರಡನ್ನೂ ಹೊರಗೆ ಚಾಚಿ ಮಲಗುತ್ತದೆ. ಯಾಕಿರಬಹುದೆಂದು ಅವಳು ಅಮ್ಮನಿಗೆ ಫೋನು ಮಾಡಿ ಕೇಳಿದಳು.

"ನನಗೇನು ಗೊತ್ತೇ?" ಎಂದರು ಲಕ್ಷ್ಮೀದೇವಮ್ಮ. ಆದರೆ ಫೋನು ಇಡಲಿಲ್ಲ. ಮಗ್ಗ ನಿಲ್ಲಿಸಿ, ನೂಲಿನ ಬುಟ್ಟಿ ಪಕ್ಕಕ್ಕೆ ಸರಿಸಿ ಕೂತು, "ಇರು, ಹೊಸದನ್ನ ಯಾವ ಕಡೆ ಮುಖ ಮಾಡಿ ಇಟ್ಟಿದ್ದೀಯಾ, ಅದು ಹೇಳು ಮೊದ್ಲು" ಎಂದು ಕೇಳತೊಡಗಿದರು.