ನಲವತ್ತೊಂದನೆಯ ತಾಯಿ

ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಫೋನು ಮಾಡುವುದನ್ನು ಆತ ಒಂದು ದಿನವೂ ತಪ್ಪಿಸಿದವನಲ್ಲ. "ಊಟ ಆಯ್ತಾ?" ಎನ್ನುವನು. "ಆಯ್ತು, ಮಗು ಮಲಗಿದೆ," ಎನ್ನುವಳು ಹೆಂಡತಿ. ಅಲ್ಲಿಗೆ ಮುಗಿಯಿತು. ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ಆ ಉತ್ತರಕ್ಕೆ ನಾಲ್ಕನೆಯ ಪದ ಸೇರಿರಲಿಲ್ಲ.

ರೆಕಾರ್ಡಿಂಗ್ ಕೇಳಿ ಟೈಪು ಮಾಡಿಕೊಡುವ ಪುಟ್ಟ ಕಚೇರಿಯಲ್ಲಿ ಅವನ ಕೆಲಸ. ಮೂರು ಮೇಜು, ಒಂದೇ ಕಿಟಕಿ. ಬೆರಳಿನ ವೇಗ ನೋಡಿ ಎಲ್ಲರೂ ಅವನನ್ನು ಟಕಟಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ತಂದೆತಾಯಿಯಾದವರ ಮನಸ್ಸಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮನಶ್ಶಾಸ್ತ್ರದ ಪ್ರೊಫೆಸರಮ್ಮ ಒಬ್ಬರು ಎಳೆ ಮಕ್ಕಳ ತಾಯಂದಿರನ್ನು ಮನೆಗೇ ಹೋಗಿ ಮಾತಾಡಿಸಿ, ಆ ಮಾತುಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಹೆಸರಿಲ್ಲ, ನಂಬರು ಮಾತ್ರ. ಅತ್ತರೆ "ಅಳು" ಎಂದು ಬರೆಯಬೇಕು. ಸುಮ್ಮನಾದರೆ ಎಷ್ಟು ಸೆಕೆಂಡು ಎಂದು ಬರೆಯಬೇಕು. ದನಿ ಗುರುತಿನವರದು ಅನ್ನಿಸಿದರೆ ಆ ಕ್ಷಣವೇ ಹೆಡ್‌ಫೋನ್ ಕಳಚಿ ಹಿಂದಿರುಗಿಸಬೇಕು. ಹಾಗೆಂದು ಅವನೂ ಸಹಿ ಹಾಕಿದ್ದ.

ನಲವತ್ತೊಂದನೆಯ ತಾಯಿ ಮಾತು ಶುರುಮಾಡುವ ಮೊದಲೇ ಒಂದು ಬಾಗಿಲು ಕಿರುಗುಟ್ಟಿತು. ಎಣ್ಣೆ ಬಿಡುತ್ತೇನೆಂದು ಅವನು ತಿಂಗಳುಗಟ್ಟಲೆ ಹೇಳುತ್ತಲೇ ಬಂದಿದ್ದ ಅವನದೇ ಮನೆಯ ಬಾಗಿಲು. ತನ್ನ ಮಾತು ಗಂಡನ ಮೇಜಿಗೇ ಬಂದು ಬೀಳುತ್ತದೆಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು? ಹೆಡ್‌ಫೋನ್ ಮಾತ್ರ ಅವನು ಕಳಚಲಿಲ್ಲ.

"ಮಗುನ ಎತ್ಕೊಂಡ್ರೆ ಯಾರದೋ ಮಗು ಅನ್ಸತ್ತೆ ಮೇಡಂ. ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರೇನೋ ಅಂತ ಕಾಯ್ತೀನಿ."

"ಹೂಂ."

"ಕೆಟ್ಟ ತಾಯಿ ಅಲ್ವಾ ನಾನು?"

"ಹಾಗಂತ ಯಾರು ಹೇಳಿದ್ರು? ಮನೆಯವರ ಹತ್ರ ಹೇಳ್ಕೊಂಡಿದ್ದೀರಾ?"

ಮೌನ, ಹದಿನಾಲ್ಕು ಸೆಕೆಂಡು.

"ಅಯ್ಯೋ, ಅವರಿಗಾ! ನನ್ನ ಮಾತು ಮುಗಿಯೋದ್ರೊಳಗೆ ಚಪ್ಪಲಿ ಮೆಟ್ಕೊಂಡು ಟಾನಿಕ್ ತರೋಕೆ ಓಡ್ತಾರೆ!" ಎಂದು ಹೆಂಡತಿ ನಕ್ಕಳು.

ಅವಳ ನೋವಿಗೆ ಮರುಗಬೇಕಾದ ಹೊತ್ತಿನಲ್ಲಿ ಅವನ ಹೊಟ್ಟೆ ಉರಿದದ್ದು ಆ ನಗುವಿಗೆ. ಹೆರಿಗೆಯಾದ ಮೇಲೆ ಆ ನಗು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಯಾರೋ ಒಬ್ಬಾಕೆಗೆ ಐವತ್ತು ನಿಮಿಷ, ಕೈಹಿಡಿದವನಿಗೆ ಮೂರು ಪದ! ಅಂಥದ್ದೇನು ಮಾಡಿದರು ಆಕೆ? ಬರೀ "ಹೂಂ" ಅಂದರು, ಅಷ್ಟೇ ತಾನೇ?

ಆ ಸಂಜೆ ಹೆಂಡತಿಯ ಎದುರು ಕುಳಿತು, ಅವಳು ಏನೋ ಹೇಳುವಾಗ ಮೆಲ್ಲಗೆ "ಹೂಂ" ಎಂದ. ಇನ್ನೊಮ್ಮೆ ಎಂದ.

"ಯಾಕ್ರೀ, ಗಂಟಲು ಕಟ್ಟಿದ್ಯಾ?"

"ಯಾರದೋ ಮಗು ಅನ್ಸತ್ತಾ ನಿಂಗೆ?" ಬಾಯಿ ಜಾರಿತು.

"ನಿಮಗ್ಯಾರು ಹೇಳಿದ್ರು?" ಎಂದಳು ಅವಳು. ಅವನು ಎಲ್ಲವನ್ನೂ ಒಪ್ಪಿಕೊಂಡ.

"ಕದ್ದು ಕೇಳಿದ್ರಾ? ಪಕ್ಕದಲ್ಲೇ ಇದ್ದೆನಲ್ಲ, ನನ್ನನ್ನೇ ಕೇಳೋಕೆ ಏನಾಗಿತ್ತು ದಾಡಿ?"

"ಕೇಳಿದ್ರೆ ಹೇಳ್ತಿದ್ಯಾ?"

"ಗೊತ್ತಿಲ್ಲ." ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡಳು. "ಆ ಮೇಡಂ ಹತ್ರ ಮಾತಾಡಿದ ದಿನ ಈ ಮಗು ನಂದು ಅನ್ಸತ್ತೆ. ಇನ್ನೊಂದ್ಸಲ ನೀವು ಕೇಳಿದ್ದು ಗೊತ್ತಾದ್ರೆ ಅವರ ಹತ್ರಾನೂ ಬಾಯಿ ಬಿಡಲ್ಲ ನಾನು."

ಮರುದಿನವೇ ಅವನು ಪ್ರೊಫೆಸರಮ್ಮನ ಮುಂದೆ ತಪ್ಪೊಪ್ಪಿಕೊಂಡ. ಮುಂದುವರಿಸುವಿರಾ ಎಂದು ಅವರು ಹೆಂಡತಿಯನ್ನು ಕೇಳಿದರು. ಅವಳು ಮುಂದುವರಿಸುತ್ತೇನೆ ಎಂದಳು. ಅಲ್ಲಿಂದಾಚೆ ನಲವತ್ತೊಂದು ಪಕ್ಕದ ಮೇಜಿನ ಅಕ್ಕನ ಪಾಲಾಯಿತು. ಯಾಕೆಂದು ಯಾರೂ ಹೇಳದಿದ್ದರೂ ಅಕ್ಕ ಊಹಿಸದೆ ಇರುವವಳೇ?

ಹದಿನೈದು ದಿನ ಕಳೆದವು. ಅಕ್ಕ ಹೆಡ್‌ಫೋನ್ ಕಳಚಿ ಅವನತ್ತ ಬಗ್ಗಿದಳು. "ಲೋ ಟಕಟಕ, ನಿನ್ನ ವಿಷಯಾನೇ ಬಂದಿದೆ. ಎಷ್ಟು ನಗ್ತಾಳೋ ಮಹಾರಾಯ್ತಿ! ನಾನು ಕಾಲು ಗಂಟೆ ಟೀಗೆ ಹೋಗ್ತೀನಿ, ಈ ರೆಕಾರ್ಡರ್ ಇಲ್ಲೇ ಇರತ್ತೆ. ಯಾರ ಹತ್ರಾನೂ ಉಸಿರೆತ್ತಲ್ಲ."

ಈಗ ಅಕ್ಕನ ಮೇಲೂ ಹೊಟ್ಟೆಕಿಚ್ಚು. ತನಗೆ ಸಿಗದ ನಗು ಇವಳಿಗೂ ಸಿಕ್ಕಿತಲ್ಲ! ಕೈ ಮುಂದಕ್ಕೆ ಹೋದದ್ದು ಸುಳ್ಳಲ್ಲ. ಆ ಹೊತ್ತಿಗೆ ದೇವರೇ ಬಾಯಿಗೆ ಮಾತು ಕೊಟ್ಟನೇನೋ.

"ಬೇಡ ಅಕ್ಕ," ಎಂದ. "ಟೀಗೆ ಹೋಗೋದಾದ್ರೆ ಅದನ್ನ ಡ್ರಾಯರ್‌ಗೆ ಹಾಕಿ ಬೀಗ ಜಡ್ಕೊಂಡು ಹೋಗು. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."