ಎಲ್ಲರೂ ಎಣ್ಣೆ ಹಾಕಿದ ಕ್ಯಾನು

ಹೊಳೆನರಸೀಪುರದಲ್ಲಿ ನಮ್ಮ ಮನೆಯ ಪಕ್ಕ ಒಂದು ಖಾಲಿ ಸೈಟಿದೆ. ಖಾಲಿ ಎಂಬುದು ಪುರಸಭೆಯ ದಾಖಲೆಯ ಮಾತು. ಎರಡು ಮಳೆ ಬಿದ್ದರೆ ಸಾಕು, ಅದರ ತುಂಬ ಪಾರ್ಥೇನಿಯಂ ಎದ್ದು ನಿಲ್ಲುತ್ತದೆ. ಅದು ಹೂಬಿಟ್ಟಿತೆಂದರೆ ಅಮ್ಮನಿಗೆ ಉಬ್ಬಸ. ಹೋದ ವರ್ಷ ಆ ಕಾಲವನ್ನೆಲ್ಲ ಅವಳು ಚನ್ನರಾಯಪಟ್ಟಣದಲ್ಲಿ, ತನ್ನ ಅಕ್ಕನ ಮನೆಯಲ್ಲಿ ಕಳೆಯಬೇಕಾಯಿತು. ನನ್ನ ಈ ದೊಡ್ಡಮ್ಮ ತುಂಬ ಒಳ್ಳೆಯವರು; ತೊಂದರೆ ಇರುವುದೇ ಅಲ್ಲಿ. ತಂಗಿಯನ್ನು ಹಾಸಿಗೆಯಿಂದ ಏಳಗೊಡದೆ, ಬಂದವರೆದುರಿಗೆಲ್ಲ ಅವಳ ಕೆನ್ನೆ ಸವರಿ, "ಹೆಂಗಿದ್ದೋಳು ಹೆಂಗಾಗೋದ್ಳು ನೋಡಿ" ಎಂದು ಕಣ್ಣೊರೆಸಿಕೊಂಡಿದ್ದರಂತೆ. ವಾಪಸು ಬಂದ ದಿನವೇ ಅಮ್ಮ ಬ್ಯಾಗನ್ನು ಅಟ್ಟಕ್ಕೆ ಎಸೆದು ಹೇಳಿದಳು, "ಉಸಿರು ಕಟ್ಟಿದ್ರೂ ಇಲ್ಲೇ ಕಟ್ಟಲಿ. ಆ ಮನೆಗೆ ಕಾಯಿಲೆಯವಳಾಗಿ ಇನ್ನೊಂದ್ಸಲ ಹೋಗಲ್ಲ."

ಹಾಗಾಗಿ ಈ ವರ್ಷ ಹೂಬಿಡುವ ಮೊದಲೇ ಗಿಡಗಳನ್ನು ಕತ್ತರಿಸಬೇಕಿತ್ತು. ಬೀದಿಯ ಮನೆಗಳವರು ಸೇರಿ ಪೆಟ್ರೋಲಿನ ಕಳೆ ಕತ್ತರಿಸುವ ಮಿಷನ್ ಒಂದನ್ನು ಅರಕಲಗೂಡಿನಿಂದ ತರಿಸಿದರು. ಹೆಗಲಿಗೆ ಪಟ್ಟಿ ಹಾಕಿಕೊಂಡು ಬೀಸಬೇಕಾದ ಉದ್ದನೆಯ ಯಂತ್ರ. ಕೆಳತುದಿಯಲ್ಲಿ ಬ್ಲೇಡು, ಮೇಲ್ತುದಿಯಲ್ಲಿ ಪುಟ್ಟ ಟೂ-ಸ್ಟ್ರೋಕ್ ಎಂಜಿನ್. ನನ್ನ ಅಪ್ಪ ನಿವೃತ್ತ ಮೇಷ್ಟ್ರಾದ್ದರಿಂದಲೂ, ನಮ್ಮ ಶೆಡ್ಡಿಗೆ ಬೀಗ ಇಲ್ಲದ್ದರಿಂದಲೂ ಅದನ್ನು ನಮ್ಮ ಶೆಡ್ಡಿನಲ್ಲಿಡುವುದೆಂದು ತೀರ್ಮಾನವಾಯಿತು. ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ನೋಡಬಹುದು. ಬಂದು ನೋಡಿದರು ಕೂಡ.

ಈ ಜಾತಿಯ ಎಂಜಿನ್ನಿಗೆ ಎಣ್ಣೆಗೆಂದು ಬೇರೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಯಾವ ಎಣ್ಣೆ, ಎಷ್ಟು ಎಂಬುದನ್ನು ಡಬ್ಬದೊಳಗಿನ ಪುಸ್ತಿಕೆ ಸ್ಪಷ್ಟವಾಗಿ ಹೇಳಿತ್ತು: ಗಾಳಿಯಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನ್ನಿನ, ಕಡಿಮೆ ಹೊಗೆಯ ಎಣ್ಣೆ, ಲೀಟರಿಗೆ ಇಪ್ಪತ್ತೈದು ಎಂಎಲ್. ಮಿಷನ್ ನೋಡಲು ಸೇರಿದ್ದ ಬೀದಿಯವರ ಸಭೆಯಲ್ಲಿ ಅದನ್ನು ಓದಿದವಳು ನಾನೊಬ್ಬಳೇ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಬೀದಿಯಲ್ಲಿ ಆ ವಿದ್ಯೆಗೆ ಮನ್ನಣೆಯಿದೆ. ರೇಷ್ಮೆ ಸೀರೆಗೆ ಸಾರು ಚೆಲ್ಲಿದರೆ ನನ್ನನ್ನು ಕರೆಯುತ್ತಾರೆ. ಎಂಜಿನ್ನಿನ ವಿಚಾರ ಬೇರೆ. ಅದಕ್ಕೆ ಎದುರು ಮನೆಯ ಮಾವ ಇದ್ದಾರೆ. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಡಿಪೋದಲ್ಲಿ ಅವರಿದ್ದದ್ದು ಟಿಕೆಟ್ ವಿಭಾಗದಲ್ಲಿ; ಆ ಮಾತನ್ನು ಯಾರೂ ಎತ್ತುವುದಿಲ್ಲ.

"ಪುಸ್ತಕ್ದಾಗಿರಾದು ಫಾರಿನ್ ಲೆಕ್ಕ ಕಣವ್ವ," ಎಂದರು ಮಾವ. "ಅಲ್ಲಿ ಹುಲ್ಲು ಮೆತ್ತಗಿರ್ತದೆ. ನಮ್ಮ ಗಿಡಕ್ಕೆ ಗಟ್ಟಿ ಆಯಿಲ್ ಬೇಕು. ನನ್ನ ಕಾರಿಗೆ ಹಾಕಿ ಮಿಕ್ಕಿರಾ ಎಂಜಿನ್ ಆಯಿಲ್ ಐತೆ, ತತ್ತೀನಿ."

"ಮಾವ, ಅದು ಫೋರ್-ಸ್ಟ್ರೋಕಿನದು. ಅದು ಎಂಜಿನ್ ತಳದಲ್ಲಿ ಉಳಿಯೋಕೆ ಮಾಡಿರೋದು, ಸುಟ್ಟುಹೋಗೋಕಲ್ಲ. ಇದ್ರಲ್ಲಿ ಸುಟ್ರೆ ಕರಿ ಕಟ್ಟುತ್ತೆ."

"ಎಂಜಿನ್ ಆಯಿಲ್ ಅಂತ ಡಬ್ಬಿ ಮ್ಯಾಲೇ ಬರ್ದವ್ರಲ್ಲವ್ವ. ಇದೇನು, ಎಂಜಿನ್ ಅಲ್ವಾ?"

ಪಕ್ಕದಲ್ಲಿ ಕುಳಿತಿದ್ದ ಅರ್ಚಕರಿಗೆ ಮೂರನೆಯ ಅಭಿಪ್ರಾಯವಿತ್ತು. ಅವರು ಬೀದಿ ತುದಿಯ ಆಂಜನೇಯನ ಗುಡಿಯವರು; ಬಹಳ ಕಾಲ ಮೊಪೆಡ್ ಓಡಿಸಿದ್ದರು. "ನಾನು ಬಂಕಿನಲ್ಲಿ ಯಾವತ್ತೂ ಅಳೆದು ಹಾಕಿಸಿದವನಲ್ಲ. ಹುಡುಗ ಹಾಕಿದ ಮೇಲೆ ಇನ್ನೊಂಚೂರು ಬಿಡಪ್ಪಾ ಅಂತಿದ್ದೆ. ಗಾಡಿ ಒಂದು ದಿನ ಕೈಕೊಟ್ಟಿಲ್ಲ."

"ನಿಮ್ ಗಾಡಿ ಬರಾದು ಹೊಗೆ ನೋಡೇ ಗೊತ್ತಾಗ್ತಿತ್ತು ಸ್ವಾಮಿ," ಎಂದರು ಮಾವ. "ಗಂಟೆ ಬಾರ್ಸದೇ ಬ್ಯಾಡ, ಪೂಜೆ ಸುರುವಾಯ್ತು ಅಂತ ಜನ ಬಂದ್ಬುಡೋರು."

ಅಪ್ಪ ಎಲ್ಲರ ಮಾತಿಗೂ ತಲೆಯಾಡಿಸಿದರು. ನಲವತ್ತು ಮಕ್ಕಳ ತರಗತಿಯನ್ನು ಸಂಭಾಳಿಸಿದವರಿಗೆ ಅದೊಂದು ಅಭ್ಯಾಸವಾಗಿ ಉಳಿದುಬಿಟ್ಟಿದೆ.

ಮರುದಿನ ಹಾಸನದ ಅಂಗಡಿಯಲ್ಲಿ ಸರಿಯಾದ ಎಣ್ಣೆ ಕೇಳಿದೆ. ಅಂಗಡಿಯವನು ಒಂದು ಹಸಿರು ಬಾಟಲಿ, ಒಂದು ಕೆಂಪು ಬಾಟಲಿ ಮುಂದಿಟ್ಟ. ವ್ಯತ್ಯಾಸವೇನು ಎಂದೆ. "ಬಣ್ಣ ಮೇಡಂ," ಎಂದ. ಹಿಂಬದಿಯ ಸಣ್ಣ ಅಕ್ಷರಗಳನ್ನು ನಿಂತು ಓದಿದೆ. ಒಂದು ನೀರಿನಿಂದ ತಣಿಯುವ ದೋಣಿ ಎಂಜಿನ್ನಿನದು. ಹಾಸನದಲ್ಲಿ ದೋಣಿಯವರು ಯಾರು ಕೊಳ್ಳುತ್ತಾರೋ ತಿಳಿಯದು. ಇನ್ನೊಂದು ಬಾಟಲಿಯದು ಪುಸ್ತಿಕೆ ಹೇಳಿದ ಎಣ್ಣೆಯೇ. ಅದನ್ನು ತಂದು, ಅಮ್ಮನ ಕೆಮ್ಮಿನ ಸಿರಪ್ಪಿನ ಅಳತೆಯ ಮುಚ್ಚಳದಲ್ಲಿ ಅಳೆದು, ಕೆಂಪು ಕ್ಯಾನಿನ ಪೆಟ್ರೋಲಿಗೆ ಬೆರೆಸಿ, ಅಲುಗಾಡಿಸಿ ಶೆಡ್ಡಿನಲ್ಲಿಟ್ಟೆ. ಉಳಿದ ಎಣ್ಣೆಯ ಬಾಟಲಿಯನ್ನೂ ಅದರ ಪಕ್ಕದಲ್ಲೇ ಇಟ್ಟೆ. ಭಾನುವಾರ ಕತ್ತರಿಸುವುದೆಂದು ನಿಶ್ಚಯವಾಗಿತ್ತು.

ಭಾನುವಾರ ಮಾವ ಪಟ್ಟಿ ಬಿಗಿದು, ಹಗ್ಗ ಎಳೆದರು. ಎಂಜಿನ್ ಹತ್ತಿತು. ಅದರ ಹಿಂದೆಯೇ ಒಂದು ನೀಲಿ ಮೋಡ ಎದ್ದು, ಸೈಟನ್ನು ದಾಟಿ, ನೇರವಾಗಿ ನಮ್ಮ ಅಡುಗೆಮನೆಯ ಕಿಟಕಿಯೊಳಗೆ ಹೋಯಿತು. ಯಾವ ಹೂವೂ ಇನ್ನೂ ಅರಳಿರಲಿಲ್ಲ. ಅಮ್ಮ ಆ ವರ್ಷದ ಮೊದಲ ಕೆಮ್ಮು ಕೆಮ್ಮಿದ್ದು ಅವಳ ಆರೋಗ್ಯಕ್ಕಾಗಿ ತಂದ ಯಂತ್ರದಿಂದ. ನಾಲ್ಕು ಗಿಡ ಬಿದ್ದವು. ಎಂಜಿನ್ ಗೊಗ್ಗರು ದನಿ ಮಾಡಿ ನಿಂತಿತು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು.

"ಒಣಗೋಗದೆ ಕಣ್ರೀ ಮೇಷ್ಟ್ರೇ," ಎಂದರು ಮಾವ, ಕೈಗೆ ಅಂಟಿದ್ದ ಎಣ್ಣೆಯನ್ನು ಪಂಚೆಗೆ ಒರೆಸಿಕೊಳ್ಳುತ್ತ. "ಆಯಿಲ್ ಸಾಲ್ದು."

ನಾನು ಶೆಡ್ಡಿಗೆ ಹೋಗಿ ಎಣ್ಣೆಯ ಬಾಟಲಿ ನೋಡಿದೆ. ಅರ್ಧಕ್ಕೆ ಇಳಿದಿತ್ತು. ವಿಚಾರಿಸಿದಾಗ ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ನಡೆದಿದೆ ಎಂದು ಯಾರಿಗೂ ಅನಿಸಿರಲಿಲ್ಲ. ನಮ್ಮ ಬೀದಿಯವರು ಶನಿವಾರ ಸಂಜೆ ಗುಡಿಗೆ ಹೋಗುವಾಗ ಪುಟ್ಟ ಬಾಟಲಿಯಲ್ಲಿ ಎಳ್ಳೆಣ್ಣೆ ಒಯ್ಯುತ್ತಾರೆ. ದೀಪದ ಕಂಬದ ಬಟ್ಟಲು ತುಂಬಿ ಹರಿಯುತ್ತಿದ್ದರೂ ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಹೊಯ್ದೇ ಬರಬೇಕು. ಆ ಶನಿವಾರ ಗುಡಿಯಿಂದ ಮರಳುತ್ತ ಒಬ್ಬೊಬ್ಬರಾಗಿ ಶೆಡ್ಡಿಗೆ ಬಂದಿದ್ದಾರೆ, ಮಿಷನ್ ನೋಡಿ ಸಂತೋಷಪಟ್ಟಿದ್ದಾರೆ, ಕ್ಯಾನಿನ ಮುಚ್ಚಳ ತೆಗೆದು, ಪಕ್ಕದ ಬಾಟಲಿಯಿಂದ ತಮ್ಮದೂ ಒಂದಿರಲಿ ಎಂದು ಹಾಕಿದ್ದಾರೆ. ಅರ್ಚಕರು ಒಂದು ಮುಚ್ಚಳ. ಮಾವ ಕಾರಿನ ಎಣ್ಣೆ. ಅಪ್ಪ ಕೂಡ.

"ನೀವ್ಯಾಕಪ್ಪಾ ಹಾಕಿದ್ರಿ? ನಾನು ಅಳೆದದ್ದು ನೋಡಿದ್ರಲ್ಲ?"

"ನೋಡ್ದೆ. ಅಷ್ಟು ದೊಡ್ಡ ಕ್ಯಾನಿಗೆ ಅಷ್ಟೇನಾ ಅಂತ ಮನಸ್ಸಿಗೆ ಒಂಥರಾ ಆಯ್ತು," ಎಂದರು ಅಪ್ಪ.

ಎಣ್ಣೆ ಹೆಚ್ಚಾಗಿದೆ, ಕಡಿಮೆಯಾಗಿಲ್ಲ ಎಂದು ಅಂದು ಎಲ್ಲರಿಗೂ ವಿವರಿಸಿದೆ. ಸುಡದ ಎಣ್ಣೆ ಹೊಗೆಯಾಗುತ್ತದೆ, ಪ್ಲಗ್ಗನ್ನು ತೋಯಿಸುತ್ತದೆ, ಕಿಡಿ ಹಾರುವುದಿಲ್ಲ ಎಂದೆ. ಗಮನವಿಟ್ಟು ಕೇಳಿದರು. "ಎಷ್ಟು ಚೆನ್ನಾಗಿ ಹೇಳ್ತಾಳೆ, ಮೇಷ್ಟ್ರ ಮಗಳು ಅಂದ್ರೆ ಸುಮ್ನೆನಾ," ಎಂದು ಅರ್ಚಕರು ಮೆಚ್ಚಿದರು. ಆಮೇಲೆ ಮಾವ ಪ್ಲಗ್ ಒರೆಸಿ ಹಾಕಿ, ಕ್ಯಾನಿಗೆ ಇನ್ನೊಂದು ಮುಚ್ಚಳ ಎಣ್ಣೆ ಬಿಟ್ಟರು. ಎಂಜಿನ್ ಕೆಮ್ಮಲೂ ಇಲ್ಲ.

ಆ ವಾರ ಗಿಡಗಳ ತುದಿಯಲ್ಲಿ ಬಿಳಿ ಮೊಗ್ಗು ಕಾಣಿಸಿತು. ಅಮ್ಮ ಕಿಟಕಿಗಳನ್ನು ಹಗಲಲ್ಲೂ ಮುಚ್ಚಿಡತೊಡಗಿದಳು. ದೊಡ್ಡಮ್ಮನ ಫೋನು ಬಂತು. ಸ್ಪೀಕರಿನಲ್ಲಿ ಅವರ ಉತ್ಸಾಹ ಮನೆಯೆಲ್ಲ ಕೇಳುತ್ತಿತ್ತು. "ರೂಮು ತೊಳ್ಸಿವ್ನಿ ಕಣೇ. ಪಕ್ಕದ್ಮನೆಯೋರೂ ಕೇಳ್ತಾ ಅವ್ರೆ, ನಿಮ್ ತಂಗಿ ಯಾವಾಗ ಬತ್ತಾರೆ ಅಂತ. ಪಾಪ, ಹೋದ್ವರ್ಷ ನಿನ್ನ ನೋಡಿ ಅತ್ತಿದ್ದೋರು ಅವ್ರು."

ಫೋನಿಟ್ಟ ಅಮ್ಮ ಅಟ್ಟದ ಕಡೆ ನೋಡಿ, "ಆ ಬ್ಯಾಗು ಇಳಿಸಿಕೊಡು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸತ್ಯವನ್ನು ನಾಲ್ಕು ಜನರೆದುರು ಗೆಲ್ಲಿಸುವ ಶಕ್ತಿ ನನಗಿಲ್ಲ. ಅದರ ಆಸೆಯೂ ಇಲ್ಲ. ಮರುದಿನ ಕಾಲೇಜಿನಿಂದ ಬರುತ್ತ ಹಾಸನದಲ್ಲಿ ಇನ್ನೊಂದು ಕ್ಯಾನು, ಹೊಸ ಪ್ಲಗ್ಗು ಕೊಂಡೆ. ಪೆಟ್ರೋಲು ತುಂಬಿಸಿ, ಅಳೆದು ಬೆರೆಸಿ, ಹಿತ್ತಲಿನ ಒಲೆಸೌದೆಯ ಹಿಂದೆ ಇಟ್ಟೆ. ಮಿಷನ್ನಿನ ಟ್ಯಾಂಕಿನಲ್ಲಿದ್ದುದನ್ನು ಚೆಲ್ಲದಂತೆ ಹಳೆ ಡಬ್ಬಿಯೊಂದಕ್ಕೆ ಬಗ್ಗಿಸಿ, ನನ್ನದನ್ನು ಹಾಕಿ, ಪ್ಲಗ್ ಬದಲಿಸಿದೆ. ಕೆಂಪು ಕ್ಯಾನು ಶೆಡ್ಡಿನಲ್ಲಿ ಇದ್ದಲ್ಲೇ ಇತ್ತು, ಬಾಟಲಿಯ ಜೊತೆಗೆ. ಬರುವವರು ಬಂದು ಹಾಕುತ್ತಿದ್ದರು. ಯಾರ ಮನಸ್ಸಿಗೂ ನೋವಾಗಲಿಲ್ಲ.

ಮುಂದಿನ ಭಾನುವಾರ ಮಾವ ಎರಡನೆಯ ಎಳೆತಕ್ಕೇ ಎಂಜಿನ್ ಹತ್ತಿಸಿದರು. ಹೊಗೆ ಇತ್ತು, ಊದುಬತ್ತಿಯಷ್ಟು. ಟ್ಯಾಂಕು ಬರಿದಾದಾಗಲೆಲ್ಲ ಅವರು ಬೆವರೊರೆಸಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು, ನಾನು "ಕೊಡಿ ಮಾವ, ತುಂಬಿಸಿಕೊಂಡು ಬರ್ತೀನಿ" ಎಂದು ಮಿಷನ್ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಸೈಟು ದಾಖಲೆಯಲ್ಲಿದ್ದಂತೆಯೇ ಖಾಲಿಯಾಯಿತು. ಗಿಡಗಳನ್ನು ಗುಡ್ಡೆ ಹಾಕಿ ಗುಂಡಿಗೆ ತಳ್ಳಿ ಮಣ್ಣು ಮುಚ್ಚಿದರು.

"ಏನವ್ವ, ನಾನ್ ಹೇಳಿರ್ನಿಲ್ವಾ?" ಎಂದರು ಮಾವ. "ಆಯಿಲ್ ಕುಡೀಬೇಕು ಮಿಷನ್ನು. ಈಗ ನೋಡು, ಎಂಗೆ ಕೂಗ್ತದೆ."

"ಹೌದು ಮಾವ," ಎಂದೆ.

ಸಂಜೆ ಹಿಂದಿನ ಬೀದಿಯವರು ಇಬ್ಬರು ಬಂದರು. ಅಲ್ಲಿಯೂ ಒಂದು ಖಾಲಿ ಸೈಟಿದೆ. ಗಾಳಿ ಆ ಕಡೆಯಿಂದ ನಮ್ಮ ಕಡೆಗೇ ಬೀಸುತ್ತದೆ. ಮಿಷನ್ ಬೇಕೆಂದರು. ಮಾವ ಧಾರಾಳವಾಗಿ, "ತಗಂಡೋಗಿ, ತಗಂಡೋಗಿ. ಆ ಕೆಂಪು ಕ್ಯಾನೂ ತಗಳಿ. ಆಯಿಲ್ ಮಾತ್ರ ಕೈ ಬಿಚ್ಚಿ ಹಾಕ್ಬೇಕು, ತಿಳೀತಾ?" ಎಂದರು. ನಾನು ಬಾಯಿ ತೆರೆದೆ. ಏನು ಹೇಳಿದರೂ ನನ್ನ ಹಿತ್ತಲಿನ ಕ್ಯಾನು ಬಯಲಾಗಬೇಕಿತ್ತು. ಹೇಳದಿದ್ದರೆ ಮಿಷನ್ ಮತ್ತೆ ನಿಂತು, ಆ ಸೈಟಿನ ಮೊಗ್ಗೆಲ್ಲ ಅರಳಿ ಅದರ ಪರಾಗ ನಮ್ಮ ಮನೆಗೆ ಬರುತ್ತಿತ್ತು.

"ಕ್ಯಾನು ಬೇಡ," ಎಂಬ ದನಿ ಬಾಗಿಲಿನಿಂದ ಬಂತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಸೌದೆಯ ಹಿಂದಿನ ಕ್ಯಾನು ಅವಳ ಕಣ್ಣಿಗೆ ಬಿದ್ದಿರಬೇಕು. "ಮಿಷನ್ ಒಯ್ಯಿರಿ. ಪೆಟ್ರೋಲ್ ಮಾತ್ರ ನಮ್ಮನೆಯಿಂದಲೇ. ಮುಗಿದಾಗಲೆಲ್ಲ ಇಲ್ಲಿಗೇ ತನ್ನಿ, ಇವಳು ತುಂಬಿಸಿಕೊಡ್ತಾಳೆ."

"ಅದ್ಯಾಕ್ರಮ್ಮಾ?"

"ಕೈಗುಣ," ಎಂದಳು ಅಮ್ಮ.

ಇಬ್ಬರೂ ಒಪ್ಪಿಕೊಂಡು ತಲೆಯಾಡಿಸಿದರು. ಇಪ್ಪತ್ತೈದು ಎಂಎಲ್ ಎಂದಿದ್ದರೆ ಇನ್ನೂ ವಾದ ನಡೆಯುತ್ತಿತ್ತು. ಅವರು ಹೋದ ಮೇಲೆ ಅಮ್ಮ ಒಳಗೆ ಬಂದು ಬ್ಯಾಗಿನ ಜಿಪ್ ಎಳೆದು, ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಇಡತೊಡಗಿದಳು. "ನಿನ್ನ ದೊಡ್ಡಮ್ಮನಿಗೆ ನೀನೇ ಫೋನ್ ಮಾಡು," ಎಂದಳು. "ಪಾಪ, ರೂಮು ತೊಳೆಸಿದ್ದಳು. ಬೇಜಾರಾಗದ ಹಾಗೆ ಹೇಳು."